ಮುರಿದುಕೊಂಡದ್ದು ನಿಮ್ಮದೇ ಕಂತು

“ಪೀಣ್ಯದ ಘಟಕವೊಂದರಲ್ಲಿ ಹದಿನಾಲ್ಕು ಸಾವಿರ ಸಂಬಳಕ್ಕೆ ಆರು ವರ್ಷ ದುಡಿದೆ. ಆರ್ಡರ್ ಇಲ್ಲವೆಂದು ನಲವತ್ತು ಜನರನ್ನು ಕೈಬಿಟ್ಟರು. ಇಎಸ್‌ಐ (ನೌಕರರ ರಾಜ್ಯ ವಿಮೆ) ಎಂದು ತಿಂಗಳು ತಿಂಗಳು ಮುರಿದುಕೊಂಡ ಹಣದಲ್ಲಿ ಒಂದು ಮಾತ್ರೆಯನ್ನೂ ನುಂಗಿದವನಲ್ಲ ನಾನು. ಈ ಸುಲಿಗೆ ನಿಲ್ಲಿಸಿ ಆ ಹಣವನ್ನು ನಮ್ಮ ಕೈಗೇ ಕೊಡಬಾರದೇಕೆ?”
– ಹೆಸರು ಬೇಡವೆಂದ ಓದುಗರು, ಬೆಂಗಳೂರು

ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ‘ಸುಲಿಗೆ’ ಎಂಬ ಮಾತನ್ನು ನಾನು ಒಪ್ಪಲಾರೆ. ಹದಿನಾಲ್ಕು ಸಾವಿರದಲ್ಲಿ ನಿಮ್ಮಿಂದ ಮುರಿಯುವುದು ಶೇ. 0.75, ಅಂದರೆ 105 ರೂಪಾಯಿ. ಮಾಲೀಕರು ತಮ್ಮ ಕೈಯಿಂದ ಕಟ್ಟಬೇಕಾದದ್ದು ಶೇ. 3.25, ಅಂದರೆ 455 ರೂಪಾಯಿ. ಕಡಿತ ನಿಂತರೆ ಆ 455 ಕೂಡ ನಿಮ್ಮ ಜೇಬಿಗೆ ಬರುತ್ತದೆಂದು ನಂಬಿದ್ದರೆ, ಮಾಲೀಕರ ಔದಾರ್ಯದಲ್ಲಿ ನಿಮಗೆ ನನಗಿಂತ ಹೆಚ್ಚು ವಿಶ್ವಾಸವಿದೆ.

ಈ ಹಣ ಆಸ್ಪತ್ರೆಗಷ್ಟೇ ಎಂಬುದೂ ತಪ್ಪು ತಿಳಿವಳಿಕೆ. ಕೆಲಸ ಕಳೆದುಕೊಂಡ ವಿಮಾದಾರರಿಗೆ 90 ದಿನಗಳವರೆಗೆ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈನಲ್ಲಿ ಬಂತು. ಸರಾಸರಿ ದಿನಗೂಲಿಯ ಶೇ. 25ರಷ್ಟಿದ್ದ ಭತ್ಯೆ 2020ರಲ್ಲಿ ಶೇ. 50ಕ್ಕೆ ಏರಿತು. ನಿಮ್ಮ ಸಂಬಳಕ್ಕೆ ಆ ದರ ಹಿಡಿದರೆ 90 ದಿನಕ್ಕೆ ಒಟ್ಟು ಸುಮಾರು 21,000 ರೂಪಾಯಿಯಾಗುತ್ತದೆ. ಕಾರ್ಖಾನೆ ಮುಚ್ಚಿದಾಗ ಅಥವಾ ಕಾನೂನು ಪ್ರಕಾರ ಹೆಚ್ಚುವರಿ ಕಾರ್ಮಿಕರೆಂದು ಕೆಲಸದಿಂದ ತೆಗೆದಾಗ ಸಿಗುವ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆಯಂತೂ 2005ರಿಂದಲೇ ಇದೆ.

ನಾನು ಹಿಂದೆ ದುಡಿಯುತ್ತಿದ್ದ ಪತ್ರಿಕೆಯ ಮುದ್ರಣಾಲಯ 2009ರಲ್ಲಿ ಬಾಗಿಲು ಹಾಕಿತು. ಅಲ್ಲಿನ ಬೈಂಡರ್ ಒಬ್ಬರು ಪ್ರತಿಯೊಂದು ಸಂಬಳದ ಚೀಟಿಯನ್ನೂ ಗೋಡೆಯ ಕೊಕ್ಕೆ ತಂತಿಗೆ ಚುಚ್ಚಿಡುತ್ತಿದ್ದರು. ಕೆಳಗಿನ ಚೀಟಿಗಳು ಅಂಟಿನ ಕೈ ತಾಗಿ ಹಪ್ಪಳದಂತಾಗಿದ್ದವು. ಒಂದೊಂದರಲ್ಲೂ ಆಗಿನ ದರದಂತೆ ಶೇ. 1.75 ಕಡಿತ. ಆ ತಂತಿಯನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋದ ಅವರು ಎಂದೂ ಅರ್ಜಿ ಹಾಕಲಿಲ್ಲ. ಅಂಥದ್ದೊಂದು ಅರ್ಜಿಯಿದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ದಿನವಿಡೀ ಸುದ್ದಿ ಬರೆಯುತ್ತಿದ್ದ ನಾನೂ ಹೇಳಲಿಲ್ಲ.

ಆರ್ಡರ್ ನಿಂತರೂ ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲವೆಂಬ ಸಣ್ಣ ಮಾಲೀಕರ ಸಂಕಟ ಸುಳ್ಳಲ್ಲ. ಆದರೆ ಆ ಸಂಕಟದ ಹೆಸರಿನಲ್ಲಿ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಕೋಣೆಗೆ ಕರೆದು, ‘ಸ್ವಂತ ಕಾರಣಗಳಿಂದ’ ಎಂದು ಮೊದಲೇ ಬೆರಳಚ್ಚು ಮಾಡಿಟ್ಟ ರಾಜೀನಾಮೆಗೆ ಸಹಿ ಹಾಕಿಸುವುದು ಬೇರೆಯೇ ಮಾತು. ಆ ಒಂದು ಸಹಿಯಿಂದ, ಮಾಲೀಕರು ಕೆಲಸದಿಂದ ತೆಗೆದದ್ದು ಕಾಗದದ ಮೇಲೆ ಸ್ವಇಚ್ಛೆಯಾಗುತ್ತದೆ. ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಬರಬೇಕಾದ ಪರಿಹಾರಕ್ಕೂ ವಿಮೆಯ ಭತ್ಯೆಗೂ ಒಟ್ಟಿಗೇ ಕುತ್ತು ಬರುತ್ತದೆ.

ಸರ್ಕಾರಗಳ ಮೇಲೂ ನನಗೆ ತಕರಾರಿದೆ. ನಿರುದ್ಯೋಗದಲ್ಲಿ ನೆರವು ಪಡೆಯುವ ಹಕ್ಕಿನ ಮಾತು ಸಂವಿಧಾನದ 41ನೇ ವಿಧಿಯಲ್ಲಿಯೇ ಇದ್ದರೂ, ನಮ್ಮಲ್ಲಿ ಅದು ಇಬ್ಬರು ಪ್ರಧಾನಿಗಳ ಹೆಸರಿನ ಯೋಜನೆಗಳಾಗಿ ಬಂದಿದೆ. ಕಂತು ಕಟ್ಟಿದವರ ಹಣಕ್ಕೆ ‘ಕಲ್ಯಾಣ’ ಎಂಬ ಹೆಸರೇಕೆ? ಅಟಲ್ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತ ಬಂದರು. ಅದರಲ್ಲೂ ಜೀವಮಾನಕ್ಕೆ ಒಂದೇ ಬಾರಿ ಎಂಬ ಷರತ್ತು ಬೇರೆ, ಆರ್ಥಿಕ ಹಿಂಜರಿತವು ಒಬ್ಬನ ಬಾಳಿನಲ್ಲಿ ಒಮ್ಮೆ ಮಾತ್ರ ಬರುತ್ತದೆಂದು ಯಾರೋ ಬರೆದುಕೊಟ್ಟಿರುವಂತೆ.

ವಿಮಾ ಸಂಖ್ಯೆ, ಆಧಾರ್ ಮತ್ತು ಬ್ಯಾಂಕ್ ಪುಸ್ತಕ ಹಿಡಿದು ನಿಮ್ಮ ಇಎಸ್‌ಐ ಶಾಖಾ ಕಚೇರಿಗೆ ಈ ವಾರವೇ ಹೋಗಿ, ಎರಡೂ ಯೋಜನೆಗಳ ಬಗ್ಗೆ ಕೇಳಿ. ಪತ್ರದಲ್ಲಿ ನೀವು ಬರೆಯದ ಒಂದು ಸಂಗತಿಯನ್ನು ಮಾತ್ರ ನನಗೆ ಮರುಟಪಾಲಿನಲ್ಲಿ ತಿಳಿಸಿ: ಆ ನಲವತ್ತು ಜನರಲ್ಲಿ ರಾಜೀನಾಮೆಗೆ ಸಹಿ ಹಾಕಿದವರೆಷ್ಟು?

– ಸಂಪಾದಕ