1942: ಊರಿನ ಹೆಸರು ಹೇಳದ ಬಾನುಲಿ

ಪ್ರಶ್ನೆ: ಚಲೇಜಾವ್ ಚಳವಳಿಯ ಕಾಲದಲ್ಲಿ ಉಷಾ ಮೆಹ್ತಾ ಮುಂಬೈಯಲ್ಲಿ ಗುಪ್ತ ರೇಡಿಯೊ ನಡೆಸಿದರು ಎಂದು ಮಗಳ ಪಾಠದಲ್ಲಿ ಓದಿದೆ. ಒಂದೇ ಊರಿನೊಳಗಿದ್ದ ರೇಡಿಯೊ ಕೇಂದ್ರವನ್ನು ಹುಡುಕಲು ಬ್ರಿಟಿಷ್ ಪೊಲೀಸರಿಗೆ ತಿಂಗಳುಗಟ್ಟಲೆ ಬೇಕಾಯಿತೇ? (ಓದುಗರು, ಹಾವೇರಿ)

ಎರಡೂವರೆ ತಿಂಗಳು ಬೇಕಾಯಿತು. ಆ ಗುಪ್ತ ಕೇಂದ್ರದ ಹೆಸರು ಕಾಂಗ್ರೆಸ್ ರೇಡಿಯೊ. ಅದರ ಮೊದಲ ಪ್ರಸಾರ 1942ರ ಆಗಸ್ಟ್ 27ರಂದು. ಪೊಲೀಸರು ಬಾಗಿಲು ಒಡೆದದ್ದು ನವೆಂಬರ್ 12ರಂದು. ಉಷಾ ಮೆಹ್ತಾ ಆಗ 22 ವರ್ಷದ ವಿದ್ಯಾರ್ಥಿನಿ. ‘ಭಾರತದ ಯಾವುದೋ ಒಂದು ಕಡೆಯಿಂದ, 42.34 ಮೀಟರಿನಲ್ಲಿ, ಇದು ಕಾಂಗ್ರೆಸ್ ರೇಡಿಯೊ’ ಎಂದು ಪ್ರಸಾರ ಶುರುವಾಗುತ್ತಿತ್ತು. ಊರಿನ ಹೆಸರು ಮುಚ್ಚಿಟ್ಟರೂ ತರಂಗಾಂತರವನ್ನು ಬಾಯಿಬಿಟ್ಟು ಹೇಳಲೇಬೇಕು, ಇಲ್ಲವಾದರೆ ಕೇಳುವವರು ರೇಡಿಯೊದ ಮುಳ್ಳನ್ನು ಎಲ್ಲಿ ನಿಲ್ಲಿಸಬೇಕು? ಜನರಿಗೆ ತಿಳಿದದ್ದು ಪೊಲೀಸರಿಗೂ ತಿಳಿಯಿತು. ಆ ಲೆಕ್ಕಕ್ಕೆ ಈ ರೇಡಿಯೊ ಎರಡೂವರೆ ತಿಂಗಳು ಉಳಿದದ್ದೇ ದೊಡ್ಡದು.

ಪತ್ತೆ ಹಚ್ಚುವ ವಿಧಾನ ಹೀಗೆ. ಬಳೆಯಂತೆ ಸುತ್ತಿದ ಆಂಟೆನಾವನ್ನು ತಿರುಗಿಸುತ್ತಾ ಹೋದರೆ ಒಂದು ಕೋನದಲ್ಲಿ ದನಿ ಪೂರ್ತಿ ಕುಗ್ಗುತ್ತದೆ. ಆ ಕೋನದಿಂದ ಪ್ರಸಾರ ಯಾವ ಗೆರೆಯ ಮೇಲಿದೆ ಎಂದು ಗೊತ್ತಾಗುತ್ತದೆ. ಇನ್ನೊಂದು ಜಾಗದಿಂದ ಇನ್ನೊಂದು ಗೆರೆ ಎಳೆದರೆ, ಎರಡೂ ಕೂಡುವಲ್ಲಿ ಟ್ರಾನ್ಸ್‌ಮಿಟರ್ ಇರಬೇಕು. ನಕ್ಷೆಯ ಮೇಲೆ ಇದು ಮಕ್ಕಳಾಟ. ಆದರೆ 42.34 ಮೀಟರ್ ಎಂದರೆ ಸುಮಾರು 7 ಮೆಗಾಹರ್ಟ್ಸಿನ ಶಾರ್ಟ್‌ವೇವ್. ಅದು ಮೇಲೆ ವಾತಾವರಣದಲ್ಲಿರುವ ಅಯಾನುಗೋಲ ಎಂಬ ವಿದ್ಯುತ್ಕಣಗಳ ಪದರಕ್ಕೆ ತಾಗಿ ನೂರಾರು ಕಿಲೋಮೀಟರ್ ಆಚೆ ಇಳಿಯುತ್ತದೆ. ದೂರದ ಊರುಗಳಿಗೆ ದನಿ ಮುಟ್ಟಿದ್ದು ಹೀಗೆಯೇ. ಅಷ್ಟು ದೂರದಿಂದ ಅಳೆದರೆ ಗೆರೆ ಸ್ಥಿರವಾಗಿ ನಿಲ್ಲುವುದಿಲ್ಲ, ‘ಮುಂಬೈ ಕಡೆ’ ಎನ್ನುವಷ್ಟು ಸಿಕ್ಕರೆ ಹೆಚ್ಚು. ಆಮೇಲೆ ವ್ಯಾನಿನಲ್ಲಿ ಉಪಕರಣ ಹೊತ್ತು ಬೀದಿ ಬೀದಿ ಸುತ್ತಬೇಕು. ಒತ್ತೊತ್ತಾದ ಕಟ್ಟಡ, ವಿದ್ಯುತ್ ತಂತಿ, ಕಬ್ಬಿಣದ ಕಂಬಿಗಳು ಅಲೆಯನ್ನು ತಿರುಗಿಸಿ ದಾರಿ ತಪ್ಪಿಸುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಸಾರ ನಡೆಯುತ್ತಿರುವಾಗ ಮಾತ್ರ ಅಳೆಯಲು ಸಾಧ್ಯ. ಇವರ ಪ್ರಸಾರ ಇರುತ್ತಿದ್ದುದೇ ಸ್ವಲ್ಪ ಹೊತ್ತು. ಗೆರೆಗಳು ಹತ್ತಿರ ಬರುವಷ್ಟರಲ್ಲಿ ಬಾಡಿಗೆ ಮನೆ ಬದಲಾಗಿರುತ್ತಿತ್ತು.

ಕೊನೆಗೆ ಸಿಕ್ಕಿಬಿದ್ದದ್ದು ಅಲೆಯಿಂದಲ್ಲ, ಮನುಷ್ಯನಿಂದ. ಅವರಿಗೆ ಯಂತ್ರ ಕಟ್ಟಿಕೊಟ್ಟ ತಂತ್ರಜ್ಞನೇ ಪೊಲೀಸರ ಕೈಗೆ ಸಿಕ್ಕು ಮನೆ ತೋರಿಸಿದ. ವ್ಯಾನುಗಳ ಕಥೆಯೇ ಹೆಚ್ಚು ರೋಚಕ, ಹಾಗಾಗಿ ಹೇಳುವವರು ಅದನ್ನೇ ಹಿಗ್ಗಿಸುತ್ತಾರೆ. ಪೊಲೀಸರು ಒಳನುಗ್ಗಿದಾಗ ಗ್ರಾಮಫೋನ್ ಪ್ಲೇಟಿನಲ್ಲಿ ವಂದೇ ಮಾತರಂ ಹಾಡುತ್ತಿತ್ತು, ನಿಲ್ಲಿಸಿ ಎಂದರೂ ನಿಲ್ಲಿಸಲಿಲ್ಲ ಎಂದು ಉಷಾ ಮೆಹ್ತಾ ಮುಂದೆ ನೆನಪಿಸಿಕೊಂಡಿದ್ದಾರೆ. ವಿಚಾರಣೆಯಲ್ಲಿ ಅವರು ಬಾಯಿ ಬಿಡಲಿಲ್ಲ. ನಾಲ್ಕು ವರ್ಷದ ಶಿಕ್ಷೆಯಾಯಿತು. 1946ರಲ್ಲಿ ಯರವಡಾ ಜೈಲಿನಿಂದ ಹೊರಬಂದರು. ರೇಡಿಯೊ ಉಪಕರಣಗಳನ್ನು ಒದಗಿಸಿದ ಆರೋಪ ಹೊತ್ತಿದ್ದ, ಶಿಕಾಗೊ ರೇಡಿಯೊ ಕಂಪನಿಯ ನಾನಕ್ ಮೋಟ್ವಾನಿ ಖುಲಾಸೆಯಾದರು.

ಇಷ್ಟೆಲ್ಲ ಮಾಡಿ ಎಷ್ಟು ಜನರಿಗೆ ಮುಟ್ಟಿತು ಎಂದು ನೀವು ಮುಂದೆ ಕೇಳಬಹುದು. ಸ್ವಾತಂತ್ರ್ಯ ಬಂದಾಗಲೂ ಇಡೀ ದೇಶದಲ್ಲಿದ್ದ ರೇಡಿಯೊ ಪೆಟ್ಟಿಗೆಗಳು ಸುಮಾರು 2.75 ಲಕ್ಷ. ಆದ್ದರಿಂದ ನೇರವಾಗಿ ಕೇಳಿದವರು ಕಡಿಮೆಯೇ. ಆದರೆ ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು, ಗಾಂಧೀಜಿಯವರ ‘ಹರಿಜನ’ ನಿಂತುಹೋಗಿತ್ತು, ಆಲ್ ಇಂಡಿಯಾ ರೇಡಿಯೊ ಸರ್ಕಾರದ್ದು. ಚಿತ್ತಗಾಂಗಿನ ಮೇಲೆ ಬಿದ್ದ ಬಾಂಬು, ಜಮ್‌ಶೆಡ್‌ಪುರದ ಮುಷ್ಕರ, ಈಗಿನ ಮಹಾರಾಷ್ಟ್ರದ ಚಿಮೂರ್ ಮತ್ತು ಅಷ್ಟಿಯಲ್ಲಿ ನಡೆದ ದಬ್ಬಾಳಿಕೆ, ಇಂಥ ಸುದ್ದಿಯನ್ನು ಹೇಳಿದ್ದು ಈ ರೇಡಿಯೊ. ಒಬ್ಬ ಕೇಳಿದರೆ ಬೀದಿಯಲ್ಲಿ ಹತ್ತು ಬಾಯಿಗೆ ಹೋಗುತ್ತಿತ್ತು. ನನ್ನ ಲೆಕ್ಕದಲ್ಲಿ ಸರ್ಕಾರ ಹೆದರಿದ್ದು ಭಾಷಣಗಳಿಗಲ್ಲ, ಈ ಸುದ್ದಿಗಳಿಗೆ.

ಪ್ರಶ್ನೆ: ಸುಭಾಷ್‌ಚಂದ್ರ ಬೋಸರೂ ಅದೇ ವರ್ಷ ರೇಡಿಯೊದಲ್ಲಿ ಮಾತನಾಡಿದ್ದರಲ್ಲವೇ? ಅದೂ ಗುಪ್ತ ಕೇಂದ್ರವೇ? (ಓದುಗರು, ಮಂಗಳೂರು)

ಅಲ್ಲ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಬೋಸರು ಮಾತನಾಡಿದ ಆಜಾದ್ ಹಿಂದ್ ರೇಡಿಯೊ ಜರ್ಮನ್ ಸರ್ಕಾರದ ಬೆಂಬಲದಿಂದ, ಅವರ ಟ್ರಾನ್ಸ್‌ಮಿಟರುಗಳಿಂದ ನಡೆಯಿತು. ಅಡಗುವ ಅಗತ್ಯವೇ ಇರಲಿಲ್ಲ, ಪರರ ಹಂಗು ಮಾತ್ರ ಇತ್ತು. ಬೋಸರು ಬರ್ಲಿನ್ನಿನಲ್ಲಿ ಓರ್ಲಾಂಡೊ ಮಜ್ಜೊಟಾ ಎಂಬ ಇಟಾಲಿಯನ್ ಹೆಸರಿನಲ್ಲಿದ್ದರು. 1942ರ ಫೆಬ್ರುವರಿ 15ರಂದು ಸಿಂಗಾಪುರ ಜಪಾನಿಗೆ ಶರಣಾದ ಮೇಲೆ, ಅದೇ ತಿಂಗಳ ಕೊನೆಯಲ್ಲಿ ತಮ್ಮ ಸ್ವಂತ ಹೆಸರಿನಲ್ಲಿ ಮಾತನಾಡಿದರು.

ಮಾರ್ಚಿನಲ್ಲಿ ಅವರು ವಿಮಾನಾಪಘಾತದಲ್ಲಿ ತೀರಿಕೊಂಡರೆಂದು ರಾಯಿಟರ್ಸ್ ಸುದ್ದಿಸಂಸ್ಥೆ ಸುದ್ದಿ ಹಬ್ಬಿಸಿತು. ಗಾಂಧೀಜಿ ಬೋಸರ ತಾಯಿಗೆ ಸಂತಾಪದ ತಂತಿ ಕಳಿಸಿದರು. ಕೊನೆಗೆ ಬೋಸರೇ ರೇಡಿಯೊದಲ್ಲಿ ಬಂದು ನಾನು ಬದುಕಿದ್ದೇನೆ ಎಂದು ಹೇಳಬೇಕಾಯಿತು. ಯುದ್ಧಕಾಲದ ಸುದ್ದಿಯನ್ನು ಎಷ್ಟು ನಂಬಬಹುದಿತ್ತು ಎನ್ನುವುದಕ್ಕೆ ಇದೊಂದೇ ಸಾಕು. ಬರ್ಲಿನ್ನಿಗೆ ಉತ್ತರವಾಗಿ ಲಂಡನ್ನಿನ ಬಿಬಿಸಿ ಕೂಡ ಭಾರತಕ್ಕೆ ಪ್ರಸಾರ ಮಾಡುತ್ತಿತ್ತು. ಆಗ ಅದರ ಪೌರ್ವಾತ್ಯ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ ಒಬ್ಬರು.

ಪ್ರಶ್ನೆ: ಆಗ ಕನ್ನಡದಲ್ಲಿ ರೇಡಿಯೊ ಇತ್ತೇ? (ಓದುಗರು, ಮೈಸೂರು)

ನಿಮ್ಮ ಊರಿನಲ್ಲೇ ಇತ್ತು. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ 30 ವ್ಯಾಟಿನ ಸಣ್ಣ ಯಂತ್ರದಿಂದ ‘ಆಕಾಶವಾಣಿ’ ಆರಂಭಿಸಿದರು. 30 ವ್ಯಾಟ್ ಎಂದರೆ ಒಂದು ಹಳೆಯ ಬಲ್ಬಿನಷ್ಟು. ಯುದ್ಧದ ನಡುವೆ, 1942ರ ಹೊತ್ತಿಗೆ, ಅದು ಮೈಸೂರು ಸಂಸ್ಥಾನದ ಕೈಗೆ ಬಂತು. 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿತು.