ಎಕ್ಸ್‌ಕಾಮ್: ಎರಡನೇ ತಿಂಗಳಿಗೇ ದೇಶಗಳು ಕೈಬಿಟ್ಟರೆ

ಕಾರವಾರದ ಗೆಳೆಯರೇ, ಅನ್ಯಗ್ರಹ ಜೀವಿಗಳಿಂದ ಭೂಮಿಯನ್ನು ಕಾಯುವ 2012ರ ವಿಡಿಯೋ ಗೇಮ್ ಎಕ್ಸ್‌ಕಾಮ್: ಎನಿಮಿ ಅನ್‌ನೋನ್‌ನಲ್ಲಿ ಎರಡೇ ತಿಂಗಳಿಗೆ ನಮ್ಮ ಸೇನೆಗೆ ಹಣ ಕೊಡುವ ಎರಡು ದೇಶ ಕೈಬಿಟ್ಟವು, ಒಳ್ಳೆಯ ಸೈನಿಕರೂ ಸತ್ತರು, ಮೊದಲಿಂದ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ. ಎಂಟು ದೇಶ ಹೋಗುವವರೆಗೂ ಆಟ ನಿಮ್ಮ ಕೈಯಲ್ಲೇ ಇರುತ್ತದೆ.

ಸ್ಯಾಟಲೈಟ್ ತಯಾರಾಗಲು 20 ದಿನ ಬೇಕು. ತಿಂಗಳ ಮೊದಲ ವಾರವೇ ಆರ್ಡರ್ ಕೊಡಿ. ಹಾರಿಸಲು ಮಾತ್ರ ಆತುರ ಬೇಡ. ತಿಂಗಳ ವರದಿಗೆ ಸ್ವಲ್ಪ ಮುಂಚೆ, ಪ್ಯಾನಿಕ್ (ಜನರ ಭೀತಿಯ ಮಟ್ಟ) ಕೆಂಪಾಗಿರುವ ದೇಶದ ಮೇಲೆ ಹಾರಿಸಿ. ಅಲ್ಲಿ ಪ್ಯಾನಿಕ್ ಇಳಿಯುತ್ತದೆ, ದೇಶ ಉಳಿಯುತ್ತದೆ.

ಇನ್ನು ಸೈನಿಕರ ವಿಷಯ. ಕಳೆದ ಮಳೆಗಾಲ, ಸಿರ್ಸಿಯಲ್ಲಿ ಕರೆಂಟ್ ಹೋದ ರಾತ್ರಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಆಡುತ್ತಿದ್ದೆ. ಹೆಂಚಿನ ಮೇಲೆ ಮಳೆ ಹೊಡೆಯುತ್ತಿತ್ತು. ಆ ಸರದಿಯಲ್ಲಿ ಐವರನ್ನು ನಡೆಸಿಯಾಗಿತ್ತು. ಆರನೆಯವಳನ್ನು ಸುಮ್ನೆ ಒಂದು ಕಾರಿನ ಹಿಂದಕ್ಕೆ ಓಡಿಸಿದೆ. ಮೂವರು ಥಿನ್ ಮ್ಯಾನ್ (ಮನುಷ್ಯರ ವೇಷದ ಅನ್ಯಗ್ರಹ ಶತ್ರುಗಳು) ಕಂಡರು, ಕಂಡ ಕೂಡಲೇ, ಅವರ ಸರದಿಯಲ್ಲದಿದ್ದರೂ ಪುಕ್ಕಟೆಯಾಗಿ ಮರೆಗೆ ಸರಿದರು. ಆ ಸರದಿಯಲ್ಲಿ ಅವರ ಮೇಲೆ ಗುಂಡು ಹಾರಿಸಲು ನನ್ನ ಸೈನಿಕರಲ್ಲಿ ಯಾರೂ ಬಾಕಿ ಇರಲಿಲ್ಲ. ಅವಳು ಉಳಿಯಲಿಲ್ಲ, ಈಗಲೂ ಬೇಜಾರಾಗುತ್ತದೆ.

ಹಾಗಾಗಿ ಹೊಸ ಜಾಗಕ್ಕೆ ಯಾವಾಗಲೂ ಮೊದಲನೆಯವರನ್ನು ಕಳಿಸಿ, ಕೊನೆಯವರನ್ನಲ್ಲ. ಉಳಿದವರನ್ನು, ಶತ್ರು ಅಲ್ಲಾಡಿದರೆ ಗುಂಡು ಹಾರಿಸಲು ಕಾಯುವ ಓವರ್‌ವಾಚ್‌ನಲ್ಲಿ ಇಡಿ. ಅರ್ಧ ಮರೆಗೆ 20 ಅಂಕದ ರಕ್ಷಣೆ, ಪೂರ್ತಿ ಮರೆಗೆ 40. ಈ ವ್ಯತ್ಯಾಸ ತುಂಬಾ ಜಾಸ್ತಿ, ಎರಡು ಹೆಜ್ಜೆ ಹಿಂದೆ ಉಳಿದರೂ ಪೂರ್ತಿ ಮರೆಯನ್ನೇ ಹಿಡಿಯಿರಿ.