ಲ್ಯಾಟಿನ್ ಕಲಿತ ಮೇಲೆ ಮುಂದೆ ಯಾವ ಭಾಷೆ?

ಎರಡು ವರ್ಷ ಲ್ಯಾಟಿನ್ ಓದಿದ್ದೇನೆ, ಈಗ ಅದರಿಂದ ಹುಟ್ಟಿದ ಒಂದು ಭಾಷೆ ಕಲಿಯಬೇಕು, ಇಟಾಲಿಯನ್, ಸ್ಪ್ಯಾನಿಷ್, ಫ್ರೆಂಚ್, ಪೋರ್ಚುಗೀಸ್, ರೊಮೇನಿಯನ್ ಇವುಗಳಲ್ಲಿ ಯಾವುದು ಅಂತ ಕೇಳಿದ್ದೀರಿ. ಕೆಲಸಕ್ಕಾಗಿ ಅಲ್ಲ, ಇಷ್ಟಪಟ್ಟು ಕಲಿಯುವುದು ಎಂದೂ ಬರೆದಿದ್ದೀರಿ. ಹಾಗಿದ್ದರೆ ನನ್ನ ಉತ್ತರ ಇಟಾಲಿಯನ್.

ನಾನು ಮಂಗಳೂರು ಕಡೆಯವನು. ಸೆಮಿನರಿಯಲ್ಲಿ ಮೂರು ವರ್ಷ ಲ್ಯಾಟಿನ್ ಕಲಿತೆ. ಪಾದ್ರಿ ಆಗಲಿಲ್ಲ, ಲ್ಯಾಟಿನ್ ಮಾತ್ರ ಕೈ ಬಿಡಲಿಲ್ಲ. ಆಮೇಲೆ ಇಟಾಲಿಯನ್ ಕಲಿತೆ, ಅದಾಗಿ ಕೆಲವು ವರ್ಷಕ್ಕೆ ಪೋರ್ಚುಗೀಸ್.

ಮೊದಲು ನಾಲಿಗೆಯ ವಿಷಯ. ಕನ್ನಡದವರಿಗೆ ಇಟಾಲಿಯನ್ ಬಾಯಿಗೆ ಬೇಗ ಹತ್ತುತ್ತದೆ. ಅದರ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ, ನಮ್ಮ ಪದಗಳ ಹಾಗೆ. ಅದರ ತ, ದ ನಮ್ಮ ತ, ದಗಳೇ. ಎಲ್ಲಕ್ಕಿಂತ ಮುಖ್ಯ, ಒತ್ತಕ್ಷರ. ಸೇತೆ ಅಂದರೆ ಬಾಯಾರಿಕೆ, ಸೆತ್ತೆ ಅಂದರೆ ಏಳು. ಪಾಲ ಅಂದರೆ ಸಲಿಕೆ, ಪಲ್ಲ ಅಂದರೆ ಚೆಂಡು. ಇಂಗ್ಲಿಷ್ ಮಾತಾಡಿ ಬೆಳೆದವರು ಈ ವ್ಯತ್ಯಾಸ ಹಿಡಿಯಲು ತಿಂಗಳುಗಟ್ಟಲೆ ಕಷ್ಟಪಡುತ್ತಾರೆ. ಕತೆ ಬೇರೆ, ಕತ್ತೆ ಬೇರೆ ಅಂತ ಮೂರನೇ ವಯಸ್ಸಿಗೇ ಗೊತ್ತಿರುವ ನಮಗೆ ಅದು ಪಾಠವೇ ಅಲ್ಲ, ಅಲ್ವಾ?

ಈ ಒತ್ತುಗಳು ಬಂದ ದಾರಿಯೂ ನಮಗೆ ಹೊಸದಲ್ಲ. ಲ್ಯಾಟಿನ್‌ನ ಸೆಪ್ತೆಮ್ ಇಟಾಲಿಯನ್‌ನಲ್ಲಿ ಸೆತ್ತೆ ಆಯಿತು. ಸಂಸ್ಕೃತದ ಸಪ್ತ ಪ್ರಾಕೃತದಲ್ಲಿ ಸತ್ತ ಆಯಿತು. ಹಾಗೇ ಲ್ಯಾಟಿನ್‌ನ ಎಂಟು, ಒಕ್ತೊ ಹೋಗಿ ಒತ್ತೊ; ರಾತ್ರಿ, ನೊಕ್ತೆಮ್ ಹೋಗಿ ನೊತ್ತೆ. ಕಷ್ಟದ ಜೋಡಿಯನ್ನು ನಾಲಿಗೆ ಎರಡೂ ಕಡೆ ಒಂದೇ ರೀತಿ ಸಡಿಲ ಮಾಡಿಕೊಂಡಿದೆ. ಇದನ್ನು ಮೊದಲು ಗಮನಿಸಿದ ದಿನ ನಾನು ನೋಟ್‌ಬುಕ್ಕಿನ ನಾಲ್ಕು ಪುಟ ಇಂಥ ಜೋಡಿಗಳಿಂದಲೇ ತುಂಬಿಸಿದ್ದೆ.

ಸ್ಪ್ಯಾನಿಷ್‌ನಲ್ಲೂ ನಮಗೆ ಪರಿಚಯದ ಒಂದು ಬದಲಾವಣೆ ಇದೆ. ಅಲ್ಲಿ ಪದದ ಮೊದಲಿನ ಫ ಎಷ್ಟೋ ಕಡೆ ಹ ಆಯಿತು, ಆಮೇಲೆ ಆ ಹ ಕೂಡ ಬಾಯಿಂದ ಬಿದ್ದುಹೋಯಿತು. ಬರವಣಿಗೆಯಲ್ಲಿ ಮಾತ್ರ ಉಳಿದಿದೆ. ಹಿಟ್ಟಿಗೆ ಲ್ಯಾಟಿನ್‌ನಲ್ಲಿ ಫರೀನ, ಸ್ಪ್ಯಾನಿಷ್‌ನಲ್ಲಿ ಅರೀನ. ಹಳಗನ್ನಡದ ಪಾಲ್ ಹಾಲಾದದ್ದನ್ನು ನೆನೆಸಿಕೊಳ್ಳಿ. ಸ್ಪ್ಯಾನಿಷ್ ಸುಮಾರು 20 ದೇಶಗಳಲ್ಲಿ ನಡೆಯುವ ಭಾಷೆ. ಮಾತಾಡಲು ಜನ ಜಾಸ್ತಿ ಬೇಕು ಅನ್ನುವುದಾದರೆ ಅದನ್ನೇ ಹಿಡಿಯಿರಿ. ಫ್ರೆಂಚ್ ಲ್ಯಾಟಿನ್‌ನಿಂದ ಬಹಳ ದೂರ ನಡೆದುಬಿಟ್ಟಿದೆ. ಆಕ್ವ ಎಂಬ ನೀರು ಅಲ್ಲಿ ಬರೀ ಓ ಆಗಿದೆ. ಓದುವಾಗ ಲ್ಯಾಟಿನ್ ಕೈ ಹಿಡಿಯುತ್ತದೆ, ಕೇಳುವಾಗ ಅಷ್ಟಾಗಿ ಇಲ್ಲ.

ನಿಮಗೆ ವಿಭಕ್ತಿಗಳ ಮೇಲೆ ಪ್ರೀತಿ ಇದ್ದರೆ ರೊಮೇನಿಯನ್ ನೋಡಿ. ಉಳಿದ ನಾಲ್ಕೂ ಭಾಷೆಗಳು ನಾಮಪದದ ವಿಭಕ್ತಿಗಳನ್ನು ಬಿಟ್ಟುಬಿಟ್ಟಿವೆ. ರೊಮೇನಿಯನ್ ಸ್ವಲ್ಪ ಉಳಿಸಿಕೊಂಡಿದೆ. ಅಲ್ಲಿ ಚತುರ್ಥಿಗೂ ಷಷ್ಠಿಗೂ ಒಂದೇ ರೂಪ.

ಲ್ಯಾಟಿನ್‌ನಿಂದ ಬರುವವರು ಕಾಲು ಜಾರುವುದು ಈ ವಿಭಕ್ತಿ ಹೋದ ಜಾಗದಲ್ಲೇ. 'ಪೆತ್ರುಸ್ ಆಕ್ವಮ್ ಪೊರ್ತತ್' ಅನ್ನುವುದನ್ನು 'ಪೇತ್ರ ನೀರನ್ನು ತರುತ್ತಾನೆ' ಎಂದು ಪದಕ್ಕೆ ಪದ ಕೂಡಿಸಿ ಕನ್ನಡಕ್ಕೆ ತರಬಹುದು. ಕರ್ಮಕ್ಕೆ ಪ್ರತ್ಯಯ ಇದೆ, ಕ್ರಿಯಾಪದ ಕೊನೆಗೆ ಬಂದಿದೆ. ಲ್ಯಾಟಿನ್ ನನಗೆ ಮೊದಲ ವಾರದಿಂದಲೇ ಮನೆಯ ಹಾಗೆ ಅನ್ನಿಸಿದ್ದು ಇದರಿಂದ. ಇಟಾಲಿಯನ್‌ನಲ್ಲಿ ಅದು 'ಪಿಯೆತ್ರೊ ಪೋರ್ತ ಲಾಕ್ವ'. ಪ್ರತ್ಯಯ ಇಲ್ಲ. ಯಾರು ಏನು ಮಾಡಿದರು ಅನ್ನುವುದನ್ನು ಪದ ನಿಂತ ಜಾಗ ಹೇಳುತ್ತದೆ. ಕ್ರಿಯಾಪದವನ್ನು ಕೊನೆಗೆ ತಳ್ಳುವ ಅಭ್ಯಾಸ ಬಿಡಲು ನನಗೆ ಪೂರ್ತಿ ಒಂದು ವರ್ಷ ಹಿಡಿಯಿತು.

ಪದಗಳಲ್ಲೂ ಎಚ್ಚರ ಬೇಕು. ನಾವು ಓದುವ ಲ್ಯಾಟಿನ್ ಪುಸ್ತಕದ ಲ್ಯಾಟಿನ್. ಈ ಭಾಷೆಗಳು ಹುಟ್ಟಿದ್ದು ಸಿಪಾಯಿಗಳ, ವ್ಯಾಪಾರಿಗಳ, ರೈತರ ಬಾಯಲ್ಲಿ. ಬೆಂಕಿಗೆ ಇಗ್ನಿಸ್ ಅಂತ ಕಲಿತಿರುತ್ತೀರಿ. ಆ ಪದ ಜನರ ಬಾಯಿಂದ ಮರೆಯಾಗಿ, ಒಲೆ ಎಂಬ ಅರ್ಥದ ಫೊಕುಸ್ ಬೆಂಕಿಯಾಗಿ ಉಳಿಯಿತು. ಇಟಾಲಿಯನ್‌ನ ಫುವೊಕೊ, ಸ್ಪ್ಯಾನಿಷ್‌ನ ಫುವೆಗೊ ಎರಡೂ ಅದೇ. ಕಾಸ ಅಂದರೆ ಲ್ಯಾಟಿನ್‌ನಲ್ಲಿ ಗುಡಿಸಲು, ಇಟಾಲಿಯನ್‌ನಲ್ಲಿ ಮನೆ. ಮನೆಗಿದ್ದ ದೊಮುಸ್ ದುವೊಮೊ ಆಗಿ, ಊರಿನ ದೊಡ್ಡ ಇಗರ್ಜಿಯ, ಅಂದರೆ ಚರ್ಚಿನ, ಹೆಸರಾಯಿತು. ನಾನು ಮೊದಲ ತಿಂಗಳು ಬರೆದ ಪುಟಗಳನ್ನು ಟೀಚರ್ ತುಂಬ ಕೆಂಪು ಮಾಡಿ ಕಳಿಸುತ್ತಿದ್ದರು. ಆ ಪದಗಳು ಒಂದೊಂದೂ ಎಲ್ಲಿಗೆ ಹೋದವು ಅಂತ ಹುಡುಕಿದ್ದೇ ನನ್ನ ನಿಜವಾದ ಕಲಿಕೆ.

ಲ್ಯಾಟಿನ್, ಇಟಾಲಿಯನ್ ಬೇರೆಯಾದ ಹೊತ್ತನ್ನು ನೋಡಬೇಕೆಂದರೆ 960ರ ಒಂದು ದಾಖಲೆ ಇದೆ. ದಕ್ಷಿಣ ಇಟಲಿಯ ಕಾಪುವ ಎಂಬ ಊರಿನಲ್ಲಿ ಮೊಂತೆ ಕಸ್ಸೀನೊ ಮಠದ ಜಮೀನಿನ ವ್ಯಾಜ್ಯ. ತೀರ್ಪೆಲ್ಲ ಲ್ಯಾಟಿನ್‌ನಲ್ಲಿದೆ. ಸಾಕ್ಷಿಗಳ ಮಾತು ಮಾತ್ರ ಜನರ ನುಡಿಯಲ್ಲಿದೆ: ಈ ಗಡಿಯೊಳಗಿನ ಆ ಜಮೀನುಗಳು 30 ವರ್ಷ ಮಠದ ಕೈಯಲ್ಲಿದ್ದವು ಎಂದು ನನಗೆ ಗೊತ್ತು. ನಮ್ಮ ತಾಮ್ರ ಶಾಸನಗಳಲ್ಲೂ ರಾಜನ ಹೊಗಳಿಕೆ ಸಂಸ್ಕೃತದಲ್ಲಿ ನಡೆದು, ಹೊಲದ ಗಡಿ ಹೇಳುವ ಹೊತ್ತಿಗೆ ಕನ್ನಡ ಬರುವುದುಂಟು. ಜಮೀನಿನ ಮಾತು ಎಲ್ಲರಿಗೂ ತಿಳಿಯಲೇಬೇಕು.

ಇನ್ನು ನಾನು ಇಟಾಲಿಯನ್ ಅನ್ನುವುದಕ್ಕೆ ಮನಸ್ಸಿನೊಳಗಿನ ಕಾರಣ ಹೇಳುತ್ತೇನೆ. ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮಿನ ಪ್ರಯಾಣಿಕ 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಅಲ್ಲಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ಕಂಡ. ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕ ಹಾಡುತ್ತ, ನೆಲದ ಮರಳಿನ ಮೇಲೆ ಬೆರಳಿನಿಂದ ಬರೆದು ಕಲಿಯುವುದನ್ನು ನೋಡಿದ. ಮೇಷ್ಟ್ರಿಲ್ಲದೆ ತಪ್ಪಿದರೆ ಏನು ಮಾಡುತ್ತೀರಿ ಅಂತ ಕೇಳಿದ. ನಾಲ್ಕೂ ಜನ ಒಟ್ಟಿಗೆ ಮರೆಯುವುದುಂಟೇ ಅಂತ ಅವರ ಉತ್ತರ. ಆಮೇಲೆ ಮಂಗಳೂರಿಗೆ ಬಂದು ಉಳ್ಳಾಲದ ರಾಣಿಯನ್ನು ನೋಡಿದ. ಹೊಲಕ್ಕೆ ನೀರು ಹಾಯಿಸುವ ಕೆಲಸ ನೋಡಲು ಆಕೆ ಬರಿಗಾಲಲ್ಲಿ, ಸಾದಾ ಬಟ್ಟೆಯಲ್ಲಿ ನಡೆದು ಬರುತ್ತಿದ್ದಳು. ನೋಡಲು ಅಡುಗೆಯವಳ ಹಾಗಿದ್ದರೂ ಮಾತಿನಲ್ಲಿ ರಾಣಿ ಎಂದು ಬರೆದಿದ್ದಾನೆ. ಇದೆಲ್ಲ ನೇಪಲ್ಸಿನ ಗೆಳೆಯನಿಗೆ ಇಟಾಲಿಯನ್‌ನಲ್ಲಿ ಬರೆದ ಕಾಗದಗಳು. ನನ್ನ ಊರಿನ ಪಕ್ಕದ ರಾಣಿಯನ್ನು, ಕಣ್ಣಾರೆ ಕಂಡವನ ಮಾತಿನಲ್ಲೇ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪೋರ್ಚುಗೀಸ್ ನನಗೆ ಎರಡನೆಯದು, ಆದರೆ ಬಹಳ ಹತ್ತಿರದ ಎರಡನೆಯದು. ಕೃಷ್ಣದೇವರಾಯನ ಕಾಲದ ವಿಜಯನಗರವನ್ನು ಕಂಡು ಬರೆದ ಡೊಮಿಂಗೊ ಪಾಯಸ್ ಬರೆದದ್ದು ಪೋರ್ಚುಗೀಸಿನಲ್ಲಿ. ನಮ್ಮ ಮನೆಮಾತು ಕೊಂಕಣಿಯಲ್ಲಂತೂ ಅದು ಅಡುಗೆಮನೆಯವರೆಗೆ ಬಂದಿದೆ. ಬೀಗದ ಕೈಗೆ ಲ್ಯಾಟಿನ್‌ನಲ್ಲಿ ಕ್ಲಾವಿಸ್, ಪೋರ್ಚುಗೀಸಿನಲ್ಲಿ ಶಾವೆ, ನಮ್ಮಜ್ಜಿಯ ಸೆರಗಿನ ತುದಿಯಲ್ಲಿ ಚಾವಿ. ಎಕ್ಲೇಸಿಯ ಇಗ್ರೇಜ ಆಗಿ ನಮ್ಮಲ್ಲಿ ಇಗರ್ಜಿ ಆಯಿತು. ಕಿಟಕಿಗೆ ನಾವು ಜನೆಲ್ ಅನ್ನುತ್ತೇವೆ. ಅದರ ಮೂಲ ಲ್ಯಾಟಿನ್‌ನ ಯಾನುವ, ಅಂದರೆ ಬಾಗಿಲು. ಪುಟ್ಟ ಬಾಗಿಲೇ ಕಿಟಕಿ! ನೀವು ಕರಾವಳಿಯವರಾಗಿದ್ದು ಗೋವೆಯ ಹಳೆಯ ದಾಖಲೆ ಓದುವ ಆಸೆ ಇದ್ದರೆ, ನನ್ನ ಮಾತು ಬಿಟ್ಟು ಪೋರ್ಚುಗೀಸನ್ನೇ ಮೊದಲು ಕಲಿಯಿರಿ.

ಎರಡನ್ನು ಒಟ್ಟಿಗೆ ಮಾತ್ರ ಶುರು ಮಾಡಬೇಡಿ. ಇಟಾಲಿಯನ್ ಚೆನ್ನಾಗಿ ಕುದುರಿದ ಮೇಲೆ ಪೋರ್ಚುಗೀಸ್ ಹಿಡಿದರೂ ಆರು ತಿಂಗಳು ನನ್ನ ಬಾಯಲ್ಲಿ ನೊತ್ತೆ, ನೊಯ್ತೆ ಕಲಸಿಕೊಂಡಿದ್ದವು.

ಶುರು ಮಾಡಲು ದುಡ್ಡು ಬೇಕಿಲ್ಲ. ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯವನ್ನು ಲ್ಯಾಟಿನ್‌ನಲ್ಲೂ ಇಟಾಲಿಯನ್‌ನಲ್ಲೂ ಪಕ್ಕಪಕ್ಕ ಇಟ್ಟುಕೊಳ್ಳಿ. ದಿನಕ್ಕೆ ಮೂರು ವಾಕ್ಯ ಸಾಕು. ಯಾವ ಪದ ಉಳಿಯಿತು, ಯಾವುದು ಬದಲಾಯಿತು, ಯಾವುದರ ಜಾಗಕ್ಕೆ ಬೇರೆ ಬಂತು ಅಂತ ಗುರುತು ಹಾಕಿ. ಆಮೇಲೆ ಆ ಮೂರನ್ನೂ ಗಟ್ಟಿಯಾಗಿ ಓದಿ, ಒತ್ತಕ್ಷರ ನುಂಗದೆ. ನೀವು ಕಲಿತದ್ದು ಇಗರ್ಜಿಯ ಉಚ್ಚಾರವೋ ಹಳೆಯ ರೋಮಿನ ಉಚ್ಚಾರವೋ ಬರೆದಿಲ್ಲ. ಸೀಸರನ ಹೆಸರನ್ನು ಕೈಸರ್ ಅನ್ನದೆ ಚೇಸರ್ ಅನ್ನುತ್ತಿದ್ದರೆ ಅದು ಆಗಲೇ ಇಟಾಲಿಯನ್ ಉಚ್ಚಾರ. ಯಾವುದು ಅಂತ ತಿಳಿಸಿ, ಮೊದಲ ವಾರಕ್ಕೆ ಏನು ಓದಬೇಕು ಅಂತ ಅದಕ್ಕೆ ಹೊಂದುವ ಹಾಗೆ ಬರೆಯುತ್ತೇನೆ.